ನೆರೆಯ ವಿಶ್ವವಿದ್ಯಾಲಯಗಳ ಹಗ್ಗಜಗ್ಗಾಟ: ಸಂಶೋಧನೆಯ ಹಣ ಎಲ್ಲಿ ನಿಲ್ಲುತ್ತದೆ?

ಹರಳು

ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಸಂಜೆಯೊಳಗೆ ನನ್ನ ಮಾರ್ಗದರ್ಶಕರ ಕಿವಿಗೆ ಬೀಳುತ್ತದೆ. ಕಳೆದ ವಾರ ವಿಭಾಗದಲ್ಲಿ ಹೊಸ ಉಪಕರಣಕ್ಕೆ ಪ್ರಸ್ತಾವನೆ ಬರೆಯುವ ಸಭೆ ನಡೆಯಿತು. ಕೇಳುತ್ತಿರುವುದು ಹರಳಿನೊಳಗೆ ಪರಮಾಣುಗಳ ಜೋಡಣೆ ತೋರಿಸುವ ಒಂದು ಎಕ್ಸ್‌-ರೇ ಡಿಫ್ರಾಕ್ಟೋಮೀಟರ್. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಪಕ್ಕದ ವಿಶ್ವವಿದ್ಯಾಲಯದಲ್ಲಿ ಅದೇ ಯಂತ್ರ ಇದೆ, ಅದೂ ದಿನವಿಡೀ ಓಡುವುದಿಲ್ಲ. ಮಾದರಿಗಳನ್ನು ಅಲ್ಲಿಗೇ ಕಳುಹಿಸಬಹುದಲ್ಲ ಎಂದು ನಾನು ಬಾಯಿಬಿಟ್ಟೆ. "ಅವರ ಮುಂದೆ ಕೈಚಾಚುವುದಾದರೆ ನಾವು ಏಕಿರಬೇಕು?" ಎಂದರು ಹಿರಿಯರೊಬ್ಬರು. ಉಳಿದವರು ತಲೆಯಾಡಿಸಿದರು. ಆಮೇಲೆ ತಿಳಿಯಿತು: ಪಕ್ಕದವರೂ ಅದೇ ಯೋಜನೆಗೆ, ಅದೇ ವರ್ಷ, ನಮ್ಮಲ್ಲಿ ಈಗಾಗಲೇ ಇರುವ ಇನ್ನೊಂದು ಯಂತ್ರಕ್ಕಾಗಿ ಅರ್ಜಿ ಹಾಕುತ್ತಿದ್ದಾರಂತೆ.

ನನ್ನ ಹರಳುಗಳು ಒಂಬತ್ತು ತಿಂಗಳಿಂದ ಶೀಶೆಯಲ್ಲಿ ಕುಳಿತಿವೆ. ಈ ಪೈಪೋಟಿಯಿಂದ ಯಾರಿಗೆ ಲಾಭ? ಹಣವಿಲ್ಲ ಹಣವಿಲ್ಲ ಎನ್ನುತ್ತಾರಲ್ಲ, ಅದು ಎಲ್ಲಿ ಹೊರಟು ಎಲ್ಲಿ ನಿಲ್ಲುತ್ತದೆ? ಬಲ್ಲವರು ಹೇಳಿ.


ಪಾವಟೆನಗರದವ

ಆ ಹಿರಿಯರನ್ನು ಬೈಯುವುದು ಸುಲಭ. ಅವರ ಕುರ್ಚಿಯಲ್ಲಿ ಕುಳಿತು ನೋಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ನೂರಕ್ಕೆ 30 ಅಂಕ ಸಂಶೋಧನೆಗೆ ಮೀಸಲು. ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ, ಎಷ್ಟು ಪೇಟೆಂಟ್, ಹೊರಗಿನ ಯೋಜನೆಗಳಿಂದ ಎಷ್ಟು ಹಣ ಬಂತು ಎಂದು ಕೇಳುತ್ತಾರೆ. ಪಕ್ಕದವರಿಗೆ ನಿಮ್ಮ ಯಂತ್ರವನ್ನು ಎಷ್ಟು ತಾಸು ಬಿಟ್ಟುಕೊಟ್ಟಿರಿ ಎಂದು ಯಾರೂ ಕೇಳುವುದಿಲ್ಲ. 2024ರಿಂದ ರಾಜ್ಯ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೇ ಬೇರೆ ಪಟ್ಟಿ ಬಂದಿದೆ. ಮೊದಲು ಐಐಟಿಗಳ ಬಾಲದಲ್ಲಿ ಎಲ್ಲೋ ಇದ್ದೆವು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಧಾರವಾಡ ಮೇಲೋ ಮೈಸೂರು ಮೇಲೋ ಎಂದು ಬೀದಿಯಲ್ಲಿ ಹೋಗುವವನೂ ಲೆಕ್ಕ ಹಾಕುತ್ತಾನೆ.

ಇನ್ನೊಂದು ಮಾತು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ಗುಡ್ಡದ ಮೇಲೆ ಕ್ಯಾಂಪಸ್ ಎದ್ದಿತು. ಮೈಸೂರಿನವರಿಗೆ ಮಹಾರಾಜರಿದ್ದರು, ನಮಗಿದ್ದದ್ದು ಮುಂಬೈ ಸರ್ಕಾರದ ಕಡತ. ಸ್ವಂತದ್ದು ಬೇಕು ಎಂಬ ಹಟ ಅಲ್ಲಿಂದ ಬಂದದ್ದು.


ಗಂಗೋತ್ರಿಯ ಹಳಬ

ಪಾವಟೆನಗರದ ಸರ್, ಮಹಾರಾಜರ ಮಾತು ತೆಗೆದಿರಿ, ಪೂರ್ತಿ ಕೇಳಿ. 1916ರಲ್ಲಿ ನಾಲ್ವಡಿಯವರು ಸ್ಥಾಪಿಸಿದ ವಿಶ್ವವಿದ್ಯಾನಿಲಯಕ್ಕೆ ಎರಡು ಕಾಲುಗಳಿದ್ದವು: ಕಲಾ ವಿಷಯಗಳಿಗೆ ಮೈಸೂರಿನ ಮಹಾರಾಜ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾದಾಗ ಸೆಂಟ್ರಲ್ ಕಾಲೇಜೂ ಹೋಯಿತು, ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿಸಿದ ಎಂಜಿನಿಯರಿಂಗ್ ಕಾಲೇಜೂ ಹೋಯಿತು. ಮನೆ ಹಿಸ್ಸೆಯಾದಾಗ ಹಿರಿಯವನಿಗೆ ಜಗಲಿ, ಕಿರಿಯವನಿಗೆ ಅಡುಗೆಮನೆ ಸಿಕ್ಕ ಹಾಗೆ. ಮಾನಸಗಂಗೋತ್ರಿಯ ಪ್ರಯೋಗಾಲಯಗಳನ್ನು ಮೈಸೂರು ತಾನೇ ಕಟ್ಟಿಕೊಂಡಿತು. ನಾನು ಅಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದವನು. ಅರಮನೆಯ ನೆರಳು ಯಾವ ಬೀಕರಿನ ಮೇಲೂ ಬಿದ್ದದ್ದನ್ನು ಕಾಣಲಿಲ್ಲ.

ಅಂದಹಾಗೆ ನಾವು "ವಿಶ್ವವಿದ್ಯಾನಿಲಯ" ಎನ್ನುತ್ತೇವೆ, ನೀವು "ವಿಶ್ವವಿದ್ಯಾಲಯ" ಎನ್ನುತ್ತೀರಿ. ಒಂದು "ನಿ" ಅಕ್ಷರಕ್ಕೂ ಪೈಪೋಟಿ ನಡೆಸುವವರು ಡಿಫ್ರಾಕ್ಟೋಮೀಟರ್ ಹಂಚಿಕೊಳ್ಳುತ್ತಾರೆಯೇ!


ಪಾವಟೆನಗರದವ

ಒಂದು ಅಕ್ಷರ ಉಳಿಸಿದ್ದೇವೆ ಸರ್. ನಮಗೆ ಅನುದಾನ ಕಡಿಮೆ.


ಲೆಕ್ಕಪತ್ರ ಶಾಖೆ

ನಾನು ಬೋಧಕನಲ್ಲ, ಹಣಕಾಸು ವಿಭಾಗದಲ್ಲಿ ಇಪ್ಪತ್ತು ವರ್ಷ ಕಡತ ನೋಡಿದವನು. ಹರಳು ಅವರ ಎರಡನೆಯ ಪ್ರಶ್ನೆಗೆ ನನಗೆ ಕಂಡಷ್ಟನ್ನು ಹೇಳುತ್ತೇನೆ.

ರಾಜ್ಯ ವಿಶ್ವವಿದ್ಯಾಲಯವೊಂದಕ್ಕೆ ಹಣ ಬರುವ ದಾರಿಗಳು ಮುಖ್ಯವಾಗಿ ಮೂರು. ರಾಜ್ಯ ಸರ್ಕಾರದ್ದು ಬಹುಪಾಲು ಸಂಬಳಕ್ಕೆ. ಅದು ಬಂದ ಹಾಗೆಯೇ ಹೋಗುತ್ತದೆ. ಕೇಂದ್ರದ ಯೋಜನೆಗಳ ಹಣ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ: ಇಂಥ ಯಂತ್ರಕ್ಕೆ, ಇಂಥ ಕಟ್ಟಡಕ್ಕೆ ಎಂದು. ಮೂರನೆಯದು ಸಂಯೋಜಿತ ಕಾಲೇಜುಗಳಿಂದ ಬರುವ ಸಂಯೋಜನಾ ಶುಲ್ಕ, ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕ. ಈ ಮೂರನೆಯದೇ ವಿಶ್ವವಿದ್ಯಾಲಯದ ಉಸಿರು. ಕುಲಪತಿಗಳು ಸ್ವಂತ ವಿವೇಚನೆಯಿಂದ ಖರ್ಚು ಮಾಡಬಹುದಾದದ್ದು ಇದೊಂದೇ. ಯಂತ್ರದ ವಾರ್ಷಿಕ ನಿರ್ವಹಣಾ ಒಪ್ಪಂದ, ಅಣುರಚನೆ ತಿಳಿಸುವ ಎನ್‌ಎಂಆರ್ ಯಂತ್ರಕ್ಕೆ ದ್ರವ ಹೀಲಿಯಂ, ರಾತ್ರಿ ಕೈಕೊಡುವ ಯುಪಿಎಸ್‌ಗೆ ಬ್ಯಾಟರಿ, ಇವಕ್ಕೆಲ್ಲ ಯಾವ ಯೋಜನೆಯೂ ಕೊನೆಯವರೆಗೆ ಹಣ ಕೊಡುವುದಿಲ್ಲ. ಕೇಂದ್ರ ಯಂತ್ರ ಕೊಡುತ್ತದೆ, ಅದನ್ನು ಬದುಕಿಸುವುದು ಹಳ್ಳಿಯ ಕಾಲೇಜಿನ ಬಿ.ಎ. ವಿದ್ಯಾರ್ಥಿನಿ ಕಟ್ಟಿದ ಪರೀಕ್ಷಾ ಶುಲ್ಕ.

ಈಗ ಇತಿಹಾಸ ನೋಡಿ. 1996ರಲ್ಲಿ ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋದವು. 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯುಗೆ ಹೋದವು. ಹೆಚ್ಚು ಶುಲ್ಕ ತರುವ ಎರಡೂ ಹಸುಗಳು ಬೇರೆ ಕೊಟ್ಟಿಗೆ ಸೇರಿದವು. ಉಳಿದ ಕಲಾ, ವಾಣಿಜ್ಯ, ವಿಜ್ಞಾನ ಕಾಲೇಜುಗಳೂ ಜಿಲ್ಲೆ ಜಿಲ್ಲೆಯಾಗಿ ಹಂಚಿಹೋದವು. 2009ರಲ್ಲಿ ದಾವಣಗೆರೆ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ಮತ್ತು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ. ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಯಿತು. ಆಮೇಲೆ ವಿಶ್ವವಿದ್ಯಾಲಯಗಳ ಕಾಯ್ದೆಯ 2022ರ ತಿದ್ದುಪಡಿಯ ಬೆನ್ನಲ್ಲೇ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬೀದರ್. ಮೈಸೂರಿನ ಕೈಯಿಂದ ಮಂಡ್ಯ, ಹಾಸನ, ಚಾಮರಾಜನಗರ ಮೂರೂ ಜಾರಿದವು. ಮಂಗಳೂರಿನಿಂದ ಕೊಡಗು, ಧಾರವಾಡದಿಂದ ಹಾವೇರಿ.

ಕಾಲೇಜುಗಳು ಹೊಸ ವಿಶ್ವವಿದ್ಯಾಲಯಕ್ಕೆ ಹೋದವು, ಶುಲ್ಕವೂ ಜೊತೆಗೆ ಹೋಯಿತು. ನಿವೃತ್ತರು ಹಳೆಯ ಮನೆಯಲ್ಲೇ ಉಳಿದರು. ಅವರ ಪಿಂಚಣಿಯ ಭಾರವನ್ನು ಆಂತರಿಕ ಸಂಪನ್ಮೂಲದಿಂದ ಹೊರಬೇಕಾದ ತಿಂಗಳುಗಳಲ್ಲಿ ಯಾವ ಡಿಫ್ರಾಕ್ಟೋಮೀಟರಿನ ಕಡತವೂ ನನ್ನ ಮೇಜು ದಾಟುತ್ತಿರಲಿಲ್ಲ. ದಾಟಿಸದವನು ನಾನೇ. ಪಾಪಪ್ರಜ್ಞೆ ಇದೆ, ಆದರೆ ಎಪ್ಪತ್ತೆಂಟರ ಮುದುಕರು ಕಿಟಕಿಯ ಆಚೆ ನಿಂತಿರುವಾಗ ಹೀಲಿಯಂ ಬಿಲ್ಲಿಗೆ ಸಹಿ ಹಾಕುವುದು ಕಷ್ಟ.

ಆದ್ದರಿಂದ ಅಕ್ಕಪಕ್ಕದ ವಿಶ್ವವಿದ್ಯಾಲಯಗಳು ಹೊಡೆದಾಡುತ್ತಿರುವುದು ಮೇಲಿನ ಕೆನೆಗಾಗಿ. ಪಾತ್ರೆಯ ತಳ ಸೋರುತ್ತಿರುವುದು ಬೇರೆ ಕಡೆ.


ಜ್ಞಾನಭಾರತಿ98

ಲೆಕ್ಕಪತ್ರದವರ ಮಾತಿನಲ್ಲಿ ಸತ್ಯವಿದೆ, ಆದರೆ ಒಂದು ಕಣ್ಣಿನ ಸತ್ಯ. ನನ್ನ ಊರು ಕೋಲಾರದ ಕಡೆ. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಿದ್ದಿಸಲು ನನ್ನ ತಂಗಿ ಬೆಂಗಳೂರಿಗೆ ನಾಲ್ಕು ಸಲ ಅಲೆದಳು, ಪ್ರತಿ ಸಲವೂ ಅಪ್ಪ ಕೂಲಿ ಬಿಟ್ಟು ಜೊತೆಗೆ ಬರಬೇಕಾಯಿತು. ದೊಡ್ಡ ವಿಶ್ವವಿದ್ಯಾಲಯ ಒಡೆದರೆ ಸಂಶೋಧನೆ ಸೊರಗುತ್ತದೆ ಎನ್ನುತ್ತೀರಿ. ಒಡೆಯದಿದ್ದಾಗ ಹಳ್ಳಿಯ ಆ ವಿದ್ಯಾರ್ಥಿನಿಯ ಶುಲ್ಕದಿಂದ ನಿಮ್ಮ ಹೀಲಿಯಂ ಕೊಳ್ಳುತ್ತಿದ್ದಿರಿ ಎಂದೂ ನೀವೇ ಹೇಳಿದಿರಿ. ಅದು ನ್ಯಾಯವೇ?


ಲೆಕ್ಕಪತ್ರ ಶಾಖೆ

ನ್ಯಾಯವಲ್ಲ. ಒಪ್ಪಿದೆ. ಸಂಶೋಧನೆಯ ಹಣ ಸರ್ಕಾರದಿಂದ ಬರಬೇಕು, ಪರೀಕ್ಷಾ ಶುಲ್ಕದಿಂದಲ್ಲ. ಆದರೆ ಒಡೆದವರು ಅದನ್ನು ತುಂಬಿಕೊಟ್ಟು ಒಡೆಯಲಿಲ್ಲ. ಹೊಸದಕ್ಕೂ ಕೊಡಲಿಲ್ಲ, ಹಳೆಯದಕ್ಕೂ ಕೊಡಲಿಲ್ಲ. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿಗಳ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿದ್ದು ನಿಮಗೆ ನೆನಪಿರಬೇಕು. ನಾಮಫಲಕಕ್ಕೆ ಹಾಕಿದ ಬಣ್ಣ ಇನ್ನೂ ಒಣಗಿರಲಿಲ್ಲ. ನಿಮ್ಮ ತಂಗಿಯ ಕೆಲಸಕ್ಕೆ ಕೋಲಾರದಲ್ಲಿ ಒಂದು ಪರೀಕ್ಷಾ ಕಚೇರಿ ತೆರೆದಿದ್ದರೆ ಸಾಕಿತ್ತು. ಇಡೀ ವಿಶ್ವವಿದ್ಯಾಲಯ ಬೇಕಿರಲಿಲ್ಲ.


ಜ್ಞಾನಭಾರತಿ98

ಸಾಕಿತ್ತು. ಐವತ್ತು ವರ್ಷ ಯಾರೂ ತೆರೆಯಲಿಲ್ಲ, ಅಷ್ಟೇ.


ಗಡಿಯಾಚೆ

ನಾನು ಎಂ.ಎಸ್ಸಿ. ಮಾಡಿದ್ದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಸಂಶೋಧನೆ ಮಾಡಿದ್ದು ಕಾಸರಗೋಡಿನ ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ. ಮಳೆ ಅದೇ, ಕೆಂಪು ಕಲ್ಲು ಅದೇ, ಬಸ್ಸಿನಲ್ಲಿ ಕೇಳುವ ತುಳು ಅದೇ. ಎನ್‌ಇಟಿ ಅರ್ಹತಾ ಪರೀಕ್ಷೆ ಪಾಸಾಗದ ಸಂಶೋಧನಾ ವಿದ್ಯಾರ್ಥಿಗೆ ಯುಜಿಸಿ ಕೊಡುವ ತಿಂಗಳ 8,000 ರೂಪಾಯಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮಾತ್ರ. ರಾಜ್ಯ ವಿಶ್ವವಿದ್ಯಾಲಯದ ನನ್ನ ಸಹಪಾಠಿಗೆ ಅದೂ ಇಲ್ಲ. ಅವಳು ಬೆಳಿಗ್ಗೆ ಅತಿಥಿ ಉಪನ್ಯಾಸಕಿ, ಮಧ್ಯಾಹ್ನ ಪ್ರಯೋಗಾಲಯ, ಸಂಜೆ ಟ್ಯೂಷನ್. ಜೆಆರ್‌ಎಫ್ ಎಂಬ ರಾಷ್ಟ್ರೀಯ ಫೆಲೋಶಿಪ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000. ಒಂದೇ ಬೆಂಚಿನಲ್ಲಿ 37,000ದವರೂ ಸೊನ್ನೆಯವರೂ ಪಕ್ಕಪಕ್ಕ ನಿಂತು ಒಂದೇ ಪಿಪೆಟ್ ಹಿಡಿಯುತ್ತಾರೆ.

ಕಲಬುರಗಿಯಲ್ಲೂ ಇದೇ ಕಥೆ. 1980ರ ಗುಲಬರ್ಗಾ ವಿಶ್ವವಿದ್ಯಾಲಯ ಒಂದು ಕಡೆ, ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯ ಇನ್ನೊಂದು ಕಡೆ. ನೀವು ಮೈಸೂರು-ಧಾರವಾಡ ಎಂದು ಜಗಳವಾಡುತ್ತಿದ್ದೀರಿ. ಗೋಡೆ ಇರುವುದು ಅಲ್ಲಿ ಅಲ್ಲ, ರಾಜ್ಯದ್ದಕ್ಕೂ ಕೇಂದ್ರದ್ದಕ್ಕೂ ನಡುವೆ.


ನಂಬಲಾರೆ

ಒಟ್ಟು ಎಷ್ಟು ಹಣ, ಅದನ್ನು ಹೇಳಿ. ಭಾವನೆ ಬೇಡ.


ಲೆಕ್ಕಪತ್ರ ಶಾಖೆ

2020-21ರಲ್ಲಿ ದೇಶ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿದ್ದು ಸುಮಾರು 1,27,381 ಕೋಟಿ ರೂಪಾಯಿ, ಜಿಡಿಪಿಯ ಶೇ 0.64. ಅದರಲ್ಲಿ ಉನ್ನತ ಶಿಕ್ಷಣ ವಲಯದ ಪಾಲು ಶೇ 9 ಕೂಡ ಇಲ್ಲ. ದೊಡ್ಡ ಪಾಲು ರಕ್ಷಣೆ, ಬಾಹ್ಯಾಕಾಶ, ಪರಮಾಣು, ಕೃಷಿ ಸಂಶೋಧನೆಯಂತಹ ಕೇಂದ್ರ ಸಂಸ್ಥೆಗಳದು. ಆ ಶೇ 9ರಲ್ಲಿ ಐಐಟಿ, ಐಐಎಸ್‌ಸಿ, ಕೇಂದ್ರೀಯ ವಿಶ್ವವಿದ್ಯಾಲಯಗಳು ಉಂಡು ಎದ್ದ ಮೇಲೆ ರಾಜ್ಯ ವಿಶ್ವವಿದ್ಯಾಲಯಗಳ ಎಲೆ ಹಾಕುತ್ತಾರೆ.

2018ರಲ್ಲಿ ಐಐಎಸ್‌ಸಿಯನ್ನು ಶ್ರೇಷ್ಠ ಸಂಸ್ಥೆ ಎಂದು ಆರಿಸಿದಾಗ ಐದು ವರ್ಷಕ್ಕೆ 1,000 ಕೋಟಿಯವರೆಗೆ ಕೊಡುವ ಮಾತಾಯಿತು. ಅದೇ ಯೋಜನೆಯಲ್ಲಿ ಜಾದವಪುರ ಮತ್ತು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯಗಳ ಹೆಸರೂ ಬಂದಿತ್ತು. ರಾಜ್ಯ ಸರ್ಕಾರ ತನ್ನ ಪಾಲು ಹಾಕಬೇಕು ಎಂಬಲ್ಲಿಗೆ ಬಂದು ಎರಡೂ ನಿಂತುಹೋದವು. ರಾಜ್ಯ ವಿಶ್ವವಿದ್ಯಾಲಯಗಳ ಎನ್‌ಐಆರ್‌ಎಫ್ ಪಟ್ಟಿ ಮೊದಲ ಸಲ ಬಂದಾಗ ತುದಿಯಲ್ಲಿದ್ದವು ಇವೇ ಎರಡು. ಹಣ ಹೋಗದ ಕಡೆ ಕೆಲಸ ನಡೆದಿದೆ.


ನಂಬಲಾರೆ

ಹೊಸ ಪ್ರತಿಷ್ಠಾನಕ್ಕೆ 50,000 ಕೋಟಿ ಎಂದು ಓದಿದ್ದೆ. ಅದು?


ಗಂಗೋತ್ರಿಯ ಹಳಬ

ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆ, ಸಂಶೋಧನೆಗೆ ಹಣ ಕೊಡುತ್ತಿದ್ದ ಹಳೆಯ ಎಸ್‌ಇಆರ್‌ಬಿ ಮಂಡಳಿ ಇದರೊಳಗೆ ಸೇರಿತು. 2023ರಿಂದ 2028ರವರೆಗೆ 50,000 ಕೋಟಿ ಎನ್ನುವುದು ನಿಜ, ಆದರೆ ಅದರಲ್ಲಿ 36,000 ಕೋಟಿ ಉದ್ಯಮ, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಲೆಕ್ಕ. ಸರ್ಕಾರದ್ದು 14,000. ಮದುವೆಗೆ ಬರುವ ನೆಂಟರ ಮುಯ್ಯಿಯನ್ನು ನಂಬಿ ಚಪ್ಪರ ಹಾಕಿದಂತೆ.

ಆದರೂ ಅದರಲ್ಲಿ ಒಂದು ಯೋಜನೆ ನನಗೆ ಹಿಡಿಸಿದೆ: 'ಪೇರ್' ಎಂದು ಕರೆಯುತ್ತಾರೆ. ಶ್ರೇಯಾಂಕದಲ್ಲಿ ಮೇಲಿರುವ ಸಂಸ್ಥೆಯೊಂದು ಹಬ್, ಅದರ ಸುತ್ತ ರಾಜ್ಯ ವಿಶ್ವವಿದ್ಯಾಲಯಗಳಂಥವು ಸ್ಪೋಕ್‌ಗಳು. ಒಂದೇ ಪ್ರಸ್ತಾವನೆ, ಎಲ್ಲರೂ ಕೂಡಿ ಬರೆಯಬೇಕು. ಒಬ್ಬರನ್ನೊಬ್ಬರು ದೂರಿಕೊಂಡರೆ ಎಲ್ಲರಿಗೂ ಸೊನ್ನೆ.


ಪಾವಟೆನಗರದವ

ಹಬ್ ಅವರು, ಚಕ್ರದ ಅರ ನಾವು. ನೆಲಕ್ಕೆ ಹತ್ತಿರ ಯಾರಿರುತ್ತಾರೆ, ಕುಳಿ ಬಂದಾಗ ಯಾರಿಗೆ ಪೆಟ್ಟು ಎಂದು ಚಕ್ಕಡಿ ಹೊಡೆದವರಿಗೆ ಗೊತ್ತು. ನನಗೆ ಬೇಕಾದದ್ದು ಮೈಸೂರು, ಧಾರವಾಡ, ಕೊಣಾಜೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಾಲ್ವರೂ ಸಮಾನರಾಗಿ ಕೂಡಿ ಹಾಕುವ ಅರ್ಜಿ. ಹಿರಿಯ ಸಂಸ್ಥೆಯ ಕೈಹಿಡಿದು ನಡೆಯುವುದೇ ಸಹಕಾರ ಎಂದಾದರೆ ಪೈಪೋಟಿಯೇ ವಾಸಿ, ಅದರಲ್ಲಿ ಮರ್ಯಾದೆಯಾದರೂ ಇದೆ.


ರಾಗಿಯವಳು

ನೀವೆಲ್ಲ ಸಾಮಾನ್ಯ ವಿಶ್ವವಿದ್ಯಾಲಯದವರು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಕಥೆ ಸ್ವಲ್ಪ ಕೇಳಿ, ಏಕೆಂದರೆ ನೀವು ಬಯಸುತ್ತಿರುವುದು ಅಲ್ಲಿ ಎಷ್ಟೋ ಮಟ್ಟಿಗೆ ಆಗಲೇ ಇದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1964ರದು. ಅದರಿಂದ ಧಾರವಾಡ 1986ರಲ್ಲಿ ಬೇರೆಯಾಯಿತು, ಧಾರವಾಡದಿಂದ 2008ರಲ್ಲಿ ರಾಯಚೂರು. ಪೈಪೋಟಿ ಇಲ್ಲವೆಂದಲ್ಲ, ವಿಪರೀತ ಇದೆ. ಹತ್ತಿಯ ಮಾತು ಬಂದರೆ ಧಾರವಾಡದವರು ಈಗಲೂ 1972ರ ವರಲಕ್ಷ್ಮಿಯ ಹೆಸರು ಎತ್ತುತ್ತಾರೆ, ಎತ್ತಲೇಬೇಕು, ಎರಡು ಜಾತಿಗಳನ್ನು ಬೆರೆಸಿ ವಾಣಿಜ್ಯವಾಗಿ ಗೆದ್ದ ಹತ್ತಿ ಅದು. ರಾಗಿಯ ಮಾತು ಬಂದರೆ ನಾವು ಮಂಡ್ಯದ ಲಕ್ಷ್ಮಣಯ್ಯನವರ ಇಂಡಾಫ್ ತಳಿಗಳನ್ನು ಎದುರಿಗಿಡುತ್ತೇವೆ: ಇಂಡಿಯಾದ ರಾಗಿ, ಆಫ್ರಿಕಾದ ರಾಗಿ ಎರಡನ್ನೂ ಕೂಡಿಸಿದ್ದಕ್ಕೆ ಇಂಡಾಫ್.

ಆದರೆ ತಳಿಯೊಂದು ಹೊರಬರಬೇಕಾದರೆ ಅಖಿಲ ಭಾರತ ಸಮನ್ವಿತ ಸಂಶೋಧನಾ ಪ್ರಾಯೋಜನೆಯ ಗದ್ದೆ ದಾಟಬೇಕು. 1957ರಲ್ಲಿ ಮೆಕ್ಕೆಜೋಳದಿಂದ ಶುರುವಾದ ಏರ್ಪಾಡು ಇದು. ಖರ್ಚಿನಲ್ಲಿ ಶೇ 75 ಕೇಂದ್ರದ ಕೃಷಿ ಸಂಶೋಧನಾ ಮಂಡಳಿ ಐಸಿಎಆರ್‌ನದು, ಶೇ 25 ರಾಜ್ಯದ್ದು. ಬೀಜದ ಪೊಟ್ಟಣಗಳು ಸಂಕೇತ ಸಂಖ್ಯೆ ಹೊತ್ತು ಬರುತ್ತವೆ, ಯಾರ ತಳಿ ಎಂದು ಬರೆದಿರುವುದಿಲ್ಲ. ನನ್ನ ಪ್ರತಿಸ್ಪರ್ಧಿಯ ತಳಿಯನ್ನು ನಾನೇ ಬಿತ್ತುತ್ತೇನೆ, ನಾನೇ ಕಳೆ ಕೀಳಿಸುತ್ತೇನೆ, ನಾನೇ ತೆನೆ ತೂಗುತ್ತೇನೆ. ಅವರು ನನ್ನದನ್ನು. ವರ್ಷಕ್ಕೊಮ್ಮೆ ಕಾರ್ಯಾಗಾರದಲ್ಲಿ ಸಂಕೇತ ಬಿಡಿಸಿದಾಗ ಯಾರ ಮುಖ ಹೇಗಾಗುತ್ತದೆ ಎಂದು ನೋಡುವುದೇ ಒಂದು ಹಬ್ಬ. ಒಂದು ವರ್ಷ ನಾನು ಮುತುವರ್ಜಿಯಿಂದ ಬೆಳೆಸಿ "ಇದು ನಮ್ಮದೇ ಇರಬೇಕು" ಎಂದು ಮನಸ್ಸಿನಲ್ಲೇ ಬೀಗಿದ್ದ ಸಾಲು ಪಕ್ಕದವರದಾಗಿತ್ತು. ಒಂದು ವಾರ ಊಟ ಸೇರಲಿಲ್ಲ.

ಹಣದ ನಿಯಮವೇ ಒಟ್ಟಿಗೆ ಬಿತ್ತಿರಿ ಎಂದಾಗ ಪೈಪೋಟಿ ಇದ್ದುಕೊಂಡೇ ಕೆಲಸ ನಡೆಯುತ್ತದೆ. ನಿಮ್ಮ ಡಿಫ್ರಾಕ್ಟೋಮೀಟರ್ ಅರ್ಜಿಯಲ್ಲಿ ಅಂಥ ನಿಯಮವಿಲ್ಲ. ಯಾರು ಸರಿಯಿಲ್ಲ ಎಂದು ಹುಡುಕುವ ಬದಲು ಅರ್ಜಿಯ ನಮೂನೆಯನ್ನು ಓದಿ.


ರಾಲಿಯ ಕನ್ನಡಿಗ

ರಾಗಿಯವಳು ಅವರ ಮಾತಿಗೆ ನನ್ನ ಕಡೆಯಿಂದ ಒಂದು. ನಾನಿರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಇಲ್ಲಿ ಎರಡು ರಾಜ್ಯ ವಿಶ್ವವಿದ್ಯಾಲಯಗಳು, ಒಂದು ಖಾಸಗಿ, ಮೂರೂ ಒಂದು ಗಂಟೆಯ ದಾರಿಯೊಳಗೆ: ರಾಲಿಯ ಎನ್‌ಸಿ ಸ್ಟೇಟ್, ಚಾಪೆಲ್ ಹಿಲ್‌ನ ಯುಎನ್‌ಸಿ, ಡರ್ಹಮ್‌ನ ಡ್ಯೂಕ್. ಬ್ಯಾಸ್ಕೆಟ್‌ಬಾಲ್ ಪಂದ್ಯದ ದಿನ ಗಂಡಹೆಂಡಿರು ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು ಮಾತು ಬಿಡುತ್ತಾರೆ. ಅದೇ ಮೂರು ಸಂಸ್ಥೆಗಳು ಪರಮಾಣು ಬೀಜದ ಅಧ್ಯಯನಕ್ಕೆ 1965ರಿಂದ ಒಂದೇ ಪ್ರಯೋಗಾಲಯ ನಡೆಸುತ್ತಿವೆ. ಅದಕ್ಕೂ ಮೊದಲೇ, 1959ರಲ್ಲಿ, ಮೂರರ ನಡುವೆ ಸಂಶೋಧನಾ ಉದ್ಯಾನ ಕಟ್ಟಿದ್ದರು. ಅದಕ್ಕೆ ಬೇಕಾದ ಕಣ ವೇಗವರ್ಧಕ ಯಂತ್ರವನ್ನು ಮೂರು ಕಡೆ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ, ಅಷ್ಟೇ ಗುಟ್ಟು.

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಹಣವೆಲ್ಲ ಕೆಲವೇ ರಾಜ್ಯಗಳಿಗೆ ಹೋಗುತ್ತದೆ ಎಂಬ ಗೊಣಗಾಟ ಇಲ್ಲಿಯೂ ಹಳೆಯದು. ಹಿಂದುಳಿದ ರಾಜ್ಯಗಳಿಗಾಗಿ 1979ರಲ್ಲೇ ಎಪ್ಸ್‌ಕೋರ್ ಎಂಬ ಬೇರೆ ಕಿಸೆ ಹೊಲಿಯಬೇಕಾಯಿತು.


ನಂಬಲಾರೆ

ಅಮೆರಿಕದ ಮಾತು ಬಿಡಿ. ನಮ್ಮಲ್ಲಿ ಹಂಚಿಕೊಂಡು ನಡೆದದ್ದು ಒಂದಾದರೂ ಇದೆಯೇ?


ಗಡಿಯಾಚೆ

ಇದೆ, ನಾನು ಎಂ.ಎಸ್ಸಿ. ಮಾಡಿದ ಗುಡ್ಡದ ಮೇಲೆಯೇ. ಮಂಗಳಗಂಗೋತ್ರಿಯ ಮೈಕ್ರೋಟ್ರಾನ್ ಕೇಂದ್ರ. 8 ದಶಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಕಿರಣ ಕೊಡುವ ಯಂತ್ರ, ಇಂದೋರಿನಲ್ಲಿರುವ ಪರಮಾಣು ಶಕ್ತಿ ಇಲಾಖೆಯ ಸಂಶೋಧನಾ ಕೇಂದ್ರದ ನೆರವಿನಿಂದ ಬಂದದ್ದು. ಬೇರೆ ಬೇರೆ ಊರುಗಳ ಸಂಶೋಧಕರು ತಮ್ಮ ಮಾದರಿಗಳನ್ನು ಹೊತ್ತು ಬಂದು ಅಲ್ಲಿ ಕಿರಣಕ್ಕೊಡ್ಡುತ್ತಿದ್ದುದನ್ನು ನೋಡಿದ್ದೇನೆ. ಅಂಥ ಯಂತ್ರ ತನಗೂ ಬೇಕೆಂದು ಪಕ್ಕದ ವಿಶ್ವವಿದ್ಯಾಲಯ ಹಟ ಹಿಡಿದದ್ದನ್ನು ನಾನಂತೂ ಕೇಳಿಲ್ಲ.


ಓಲೆಗರಿ

ಎಲ್ಲರೂ ಯಂತ್ರ ಯಂತ್ರ ಎನ್ನುತ್ತಿದ್ದೀರಿ. ನಾವು ಹಸ್ತಪ್ರತಿ ಓದುವವರು. 1905ರಲ್ಲಿ ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಸಿಕ್ಕಿದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಇಂದು ಅಂಥದ್ದೊಂದು ಸಿಕ್ಕರೆ ಅದನ್ನು ಓದಬಲ್ಲವರಿಗೆ ಯಾವ ಶೀರ್ಷಿಕೆಯಡಿ ಸಂಬಳ ಕೊಡುವುದೆಂದು ಲೆಕ್ಕಪತ್ರದವರು ಮೂರು ಟಿಪ್ಪಣಿ ಬರೆಯುತ್ತಾರೆ. ಯುಜಿಸಿಯ ಕಿರು ಸಂಶೋಧನಾ ಯೋಜನೆ ಇದ್ದಾಗ ಕಾಲೇಜು ಮೇಷ್ಟ್ರೂ ಒಂದು ತಾಲ್ಲೂಕಿನ ಶಾಸನಗಳನ್ನು ಸುತ್ತಿ ಬರುತ್ತಿದ್ದರು. ಅದು ನಿಂತ ಮೇಲೆ ಆ ಕೆಲಸವೂ ನಿಂತಿತು. ನಮ್ಮಲ್ಲಿ ಪೈಪೋಟಿ ಇಲ್ಲ, ಪೈಪೋಟಿ ನಡೆಸಲು ಏನಾದರೂ ಇರಬೇಕಲ್ಲ.


ಲೆಕ್ಕಪತ್ರ ಶಾಖೆ

ಓಲೆಗರಿಯವರೇ, ಮೂರಲ್ಲ, ಐದು ಟಿಪ್ಪಣಿ. ಕ್ಷಮೆಯಿರಲಿ.

ಹರಳು ಅವರಿಗೆ ಇನ್ನೂ ಒಂದು ವಿಷಯ ಹೇಳಬೇಕು, ಹಣ ಮಂಜೂರಾದ ಮೇಲಿನದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಬಗ್ಗೆ. ಈಗ ಕೇಂದ್ರದ ಯೋಜನೆಗಳ ಹಣ ಬರುವುದು ಶೂನ್ಯ ಶಿಲ್ಕಿನ ಖಾತೆಗೆ. ಖಾತೆಯಲ್ಲಿ ಮಿತಿ ಕಾಣುತ್ತದೆ, ಹಣ ಇರುವುದಿಲ್ಲ. ಬಿಲ್ ಹಾಕಿದಾಗ ಬರುತ್ತದೆ. ಮಾರ್ಚ್ 31ಕ್ಕೆ ಬಳಸದ ಮಿತಿ ವಾಪಸು. ಮಂಜೂರಾತಿ ವರ್ಷದ ಕೊನೆಗೆ ಬಂದರೆ ಖರೀದಿಗೆ ಸಿಗುವುದು ವಾರಗಳು. ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ 2025ರ ಜೂನ್‌ನಲ್ಲಿ ಖರೀದಿಯ ನಿಯಮ ಸಡಿಲಿಸಿದರು: ವೈಜ್ಞಾನಿಕ ಉಪಕರಣವನ್ನು ಸರ್ಕಾರಿ ಮಾರುಕಟ್ಟೆ ಜಾಲತಾಣದ ಹೊರಗೂ ಕೊಳ್ಳಬಹುದು, ದರಪಟ್ಟಿ ಕರೆಯದೆ ಮಾಡುವ ನೇರ ಖರೀದಿಯ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ. ನಮ್ಮ ಕೊರಳಿಗೆ ಇರುವುದು ಸಾರ್ವಜನಿಕ ಖರೀದಿಗಾಗಿ ಇರುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ. ಅದು ರಸ್ತೆ ಗುತ್ತಿಗೆಗೂ ಡಿಫ್ರಾಕ್ಟೋಮೀಟರಿಗೂ ಒಂದೇ ಕಾಯ್ದೆ. ಟೆಂಡರ್‌ಗೆ ಒಬ್ಬನೇ ಬಂದರೆ ಮರುಟೆಂಡರ್ ಕರೆಯಿರಿ ಎಂದು ನಾನೇ ಬರೆದಿದ್ದೇನೆ. ಆ ಯಂತ್ರ ತಯಾರಿಸುವವರು ಲೋಕದಲ್ಲಿ ಬೆರಳೆಣಿಕೆಯಷ್ಟು ಜನ ಎಂದು ಪ್ರಾಧ್ಯಾಪಕರು ಬಡಕೊಂಡರು, ನಾನು ನಿಯಮ ತೋರಿಸಿದೆ. ಮಾರ್ಚ್ 31 ಬಂತು, ಹೋಯಿತು.

ಆಮೇಲೆ ಹಣ ಬಳಕೆಯ ಪ್ರಮಾಣಪತ್ರ. ಒಬ್ಬ ಪ್ರಾಧ್ಯಾಪಕರದು ತಡವಾದರೆ ಮುಂದಿನ ಕಂತು ಬರುವುದಿಲ್ಲ, ಕಂತಿಗಾಗಿ ಕಾದ ಹುಡುಗನ ಫೆಲೋಶಿಪ್ ನಿಲ್ಲುತ್ತದೆ. ಇಂಥ ಸಂಸ್ಥೆಗೆ ಹಣ ಖರ್ಚು ಮಾಡಲು ಬರುವುದಿಲ್ಲ ಎಂಬ ಹೆಸರು ಬೀಳುವುದು ಹೀಗೆ. ಮುಂದಿನ ಸಲ ಆ ಹಣ ಖರ್ಚು ಮಾಡಲು ಗೊತ್ತಿರುವವರಿಗೇ ಹೋಗುತ್ತದೆ.


ಹರಳು

ಅಂದರೆ ನಮ್ಮ ವಿಭಾಗಕ್ಕೆ ಯಂತ್ರ ಮಂಜೂರಾದರೂ ನಾನು ಪ್ರಬಂಧ ಸಲ್ಲಿಸುವ ಹೊತ್ತಿಗೆ ಅದು ಪೆಟ್ಟಿಗೆಯಲ್ಲೇ ಇರುತ್ತದೆ.


ಲೆಕ್ಕಪತ್ರ ಶಾಖೆ

ಪೆಟ್ಟಿಗೆಯಲ್ಲಿದ್ದರೆ ಪುಣ್ಯ.


ರಾಗಿಯವಳು

ಅವಳನ್ನು ಹೆದರಿಸಬೇಡಿ ಸರ್. ಒಂದು ಒಳ್ಳೆಯ ಸುದ್ದಿಯೂ ಇದೆ. 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಬಂದಿದೆಯಲ್ಲ, ಮೂರು ವರ್ಷಕ್ಕೆ 6,000 ಕೋಟಿ, ಸುಮಾರು 13,000 ನಿಯತಕಾಲಿಕಗಳು. ಹಿಂದೆ ಒಂದು ಪ್ರಬಂಧ ಓದಲು ಐಐಎಸ್‌ಸಿಯ ಗೆಳೆಯನಿಗೆ ರಾತ್ರಿ ಹತ್ತಕ್ಕೆ ಸಂದೇಶ ಕಳುಹಿಸುತ್ತಿದ್ದೆವು. ಈಗ ರಾಜ್ಯ ವಿಶ್ವವಿದ್ಯಾಲಯದ ಮಗುವೂ ತಾನೇ ತೆರೆದು ಓದುತ್ತದೆ. ಇದಕ್ಕಾಗಿ ಯಾವ ಊರೂ ಇನ್ನೊಂದರ ಜೊತೆ ಜಗಳವಾಡಲಿಲ್ಲ. ಉಪಕರಣಗಳಿಗೂ ಐ-ಸ್ಟೆಮ್ ಎಂಬ ಜಾಲತಾಣ 2020ರಲ್ಲಿ, ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್ಸಿನಲ್ಲೇ, ಶುರುವಾಯಿತು. ಎಲ್ಲಿ ಯಾವ ಯಂತ್ರ ಇದೆ, ಗಂಟೆಗೆ ಎಷ್ಟು ಎಂದು ನೋಡಿ ಸಮಯ ಕಾದಿರಿಸಬಹುದು. ನಿಮ್ಮ ಮಾರ್ಗದರ್ಶಕರನ್ನೂ ವಿಭಾಗದ ಮುಖ್ಯಸ್ಥರನ್ನೂ ದಾಟಬೇಕಾಗಿಲ್ಲ, ಮುಖ್ಯಸ್ಥರ ಒಂದು ಸಹಿ ಸಾಕು.


ಗಂಗೋತ್ರಿಯ ಹಳಬ

ಮಗು ಹರಳು, ನಿನಗೆ ಒಂದು ಕೆಲಸ ಹೇಳುತ್ತೇನೆ. ನಮ್ಮ ರಾಜ್ಯದ ಯಾವುದೇ ಹರಳು ರಚನೆಯ ಪ್ರಬಂಧ ತೆಗೆದು ಕೊನೆಯ ಕೃತಜ್ಞತೆಯ ಸಾಲು ಓದು. ಮಂಗಳೂರಿನವರು ಮೈಸೂರಿನ ಭೌತಶಾಸ್ತ್ರ ವಿಭಾಗದ ರಾಷ್ಟ್ರೀಯ ಏಕಹರಳು ಡಿಫ್ರಾಕ್ಟೋಮೀಟರ್ ಸೌಲಭ್ಯಕ್ಕೋ ವಿಜ್ಞಾನ ಭವನಕ್ಕೋ ಧನ್ಯವಾದ ಹೇಳಿರುತ್ತಾರೆ. ಮೈಸೂರಿನವರು ಧಾರವಾಡದ ಉಪಕರಣ ಕೇಂದ್ರವನ್ನು ನೆನೆದಿರುತ್ತಾರೆ. ಶ್ರೇಯಾಂಕದ ಪಟ್ಟಿಯಲ್ಲಿ, ಕುಲಪತಿಗಳ ಭಾಷಣದಲ್ಲಿ ಕಾಣುವ ಊರುಗಳು ಬೇರೆ. ಆರನೆಯ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಕಾಣುವ ಊರುಗಳು ಬೇರೆ. ನಾನೂ ಸಭೆಯಲ್ಲಿ ಕುಳಿತು "ನಮಗೇ ಬೇಕು" ಎಂದು ಮೇಜು ಕುಟ್ಟಿದವನೇ. ರಾತ್ರಿ ಮನೆಗೆ ಬಂದು ಧಾರವಾಡದ ಗೆಳೆಯನಿಗೆ ಫೋನ್ ಮಾಡಿ, ನಾಲ್ಕು ಮಾದರಿ ಕಳುಹಿಸುತ್ತೇನೆ ನೋಡಿಕೊಡಯ್ಯ ಎಂದವನೂ ನಾನೇ.


ಪಾವಟೆನಗರದವ

ನಾಲ್ಕು ಎಂದು ಹೇಳಿ ಹದಿನಾಲ್ಕು ಕಳುಹಿಸುತ್ತಿದ್ದಿರಿ ಎಂದು ಕೇಳಿದ್ದೇನೆ. ಇರಲಿ. ಹರಳು ಅವರೇ, ನಿಮ್ಮದು ಒಂಟಿ ಹರಳಿನ ಕೆಲಸವೇ, ಪುಡಿಯದೇ? ಪುಡಿಯಾದರೆ ನಮ್ಮ ಕಡೆ ಬೇಗ ಆಗುತ್ತದೆ.


ಹರಳು

ಒಂಟಿ ಹರಳು. ತಿಳಿಹಳದಿ, ಸೂಜಿಯಂಥವು. ಎಥನಾಲ್‌ನಲ್ಲಿ ಬೆಳೆದವು. ಮುಖ್ಯಸ್ಥರ ಸಹಿಗೆ ನಾಳೆಯೇ ಹೋಗುತ್ತೇನೆ. ಪುಡಿ ಮಾಡಿ ಒಣಗಿಸಿ ಕಳುಹಿಸಲೇ?


ಗಂಗೋತ್ರಿಯ ಹಳಬ

ಅಯ್ಯೋ, ಪುಡಿ ಮಾಡಬೇಡ! ಒಣಗಿಸಲೂ ಬೇಡ. ಬೆಳೆದ ದ್ರಾವಣದಲ್ಲೇ ಮುಳುಗಿರಲಿ, ಶೀಶೆಯ ಬಾಯಿಗೆ ಮೇಣ ಸುತ್ತು. ಸೂಜಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಇನ್ನೊಮ್ಮೆ ನಿಧಾನವಾಗಿ ಬೆಳೆಸು. ಸೂಕ್ಷ್ಮದರ್ಶಕದಲ್ಲಿ ನೋಡಿ, ಸುಮಾರು 0.2 ಮಿಲಿಮೀಟರ್ ದಪ್ಪದ, ಬಿರುಕಿಲ್ಲದ ಐದಾರು ಸಿಕ್ಕರೆ ಸಾಕು.


ಲೆಕ್ಕಪತ್ರ ಶಾಖೆ

ಹಣ ಮೊದಲೇ ಕಟ್ಟಿ ರಸೀದಿಯ ಪ್ರತಿಯನ್ನು ಶೀಶೆಯ ಜೊತೆಯಲ್ಲೇ ಇಡಿ. ಜಿಎಸ್‌ಟಿ ಸೇರಿಸಿದ ಮೊತ್ತವನ್ನೇ ಕಟ್ಟಿ, ಇಲ್ಲವಾದರೆ ಆ ಕಡೆಯ ಶಾಖೆಯಲ್ಲಿ ನನ್ನಂಥವನೊಬ್ಬ ಕುಳಿತಿರುತ್ತಾನೆ.